ರಾಣಿಯ ಗೇಟಿನಲ್ಲಿ ಬಿಯರ್ ಇಲ್ಲ

ಇಲ್ಜಾಳಿಗೆ ಕೋಪ ಬಂದರೆ ಇತಜಾಯಿ ಹೊಳೆಯ ಈಚೆ ದಡಕ್ಕೆಲ್ಲ ಗೊತ್ತಾಗುತ್ತಿತ್ತು. ಬರದೆ ಇನ್ನೇನು? ಹೆಂಗಸು ಮಾಡಿದ್ದನ್ನು ಹೊಟ್ಟೆ ತುಂಬ ಕುಡಿದು, ಬಾಯಿ ಒರೆಸಿಕೊಂಡು, ಆಮೇಲೆ ಹೆಸರಿಡುವ ಗಂಡಸರಿಗೆ ನಮ್ಮೂರಲ್ಲಿ ಬರವೇ?

ಅವಳು ಮನೆಯಲ್ಲೇ ಮಾಡುತ್ತಿದ್ದದ್ದು ಲಾಗರ್ ಥರದ ತಿಳಿ ಬಿಯರ್. ನಿಜವಾದ ಲಾಗರ್ ಯೀಸ್ಟ್‌ಗೆ ವಾರಗಟ್ಟಲೆ ಫ್ರಿಜ್ಜಿನ ಚಳಿ ಬೇಕು. ಅವಳ ಫ್ರಿಜ್ಜಿನಲ್ಲಿ ಹಾಲು, ಸಾಸೇಜು ಇಡುವುದಕ್ಕೇ ಜಾಗವಿಲ್ಲ. ಹಾಗಾಗಿ ನಮ್ಮ ಕಡೆ ಜುಲೈಗೆ ಬರುವ ಚಳಿಗಾಲ ಹಿಡಿದ ಮೇಲೆ, ಅಷ್ಟು ಚಳಿ ಬೇಡದ ಏಲ್ ಯೀಸ್ಟನ್ನೇ ಹಾಕಿ, ಡ್ರಮ್ಮುಗಳನ್ನು ಕಲ್ಲಿನ ನೆಲಮಾಳಿಗೆಯಲ್ಲಿ ಇಡುತ್ತಿದ್ದಳು. ಅಲ್ಲಿನ ತಂಪಿಗೆ ಯೀಸ್ಟ್ ಅವಸರಪಡದೆ, ಹಣ್ಣಿನ ವಾಸನೆ ಬಿಡದೆ ಕೆಲಸ ಮಾಡುತ್ತಿತ್ತು. ತಂಪು ಇನ್ನೊಂದಿಷ್ಟು ಹೆಚ್ಚಾಯಿತೋ, ಮಲಗಿಬಿಡುತ್ತಿತ್ತು. ಮಲಗದ ಹಾಗೆ ಅದನ್ನು ನೋಡಿಕೊಳ್ಳುವುದರಲ್ಲೇ ಅವಳ ಕೈಗುಣವಿತ್ತು.

ಆ ವರ್ಷ ಬಂದೂಕು ಕ್ಲಬ್ಬಿನ ಗುರಿಯಾಟದಲ್ಲಿ ಗೆದ್ದು ಇಲ್ಜಾ ರಾಣಿಯಾದಳು. ರಾಣಿಯನ್ನು ಮೆರವಣಿಗೆಯವರು ವಾದ್ಯ ಸಮೇತ ಮನೆಗೇ ಬಂದು ಕರೆದೊಯ್ಯಬೇಕು. ಅವಳು ಗೇಟಿನಲ್ಲಿ ನಿಂತು ಅಷ್ಟೂ ಜನಕ್ಕೆ ಬಿಯರ್ ಕೊಡಬೇಕು. ಎಲ್ಲರೂ ಕಾರ್ಖಾನೆಯ ಪೀಪಾಯಿ ತರಿಸುತ್ತಾರೆ. ಇವಳು ಮಾತ್ರ, "ನನ್ನ ಗೇಟಲ್ಲಿ ನನ್ನ ಬಿಯರ್ರೇ," ಎಂದು ಕ್ಲಬ್ಬಿನಲ್ಲಿ ಎಲ್ಲರೆದುರು ಸಾರಿಬಿಟ್ಟಳು.

ಕ್ಲಬ್ಬಿನ ಅಧ್ಯಕ್ಷ ಓಸ್ಮಾರ್, ಮಾಂಸದಂಗಡಿಯವನು, ಅವಳ ಗಂಡ ಅರ್ನೋನನ್ನು ಇಸ್ಪೀಟಿನ ಮೇಜಿನಲ್ಲಿ ದಿನಾ ಕೆಣಕತೊಡಗಿದ. "ಏನಪ್ಪಾ ಅರ್ನೋ, ಏಲ್ ಯೀಸ್ಟ್ ಹಾಕಿ ಲಾಗರ್ ಅಂತೀರಲ್ಲ, ಕೋಳೀನ ಬಾತು ಅಂತ ಮಾರ್ದಂಗಾಯ್ತು! ಚಳೀನೇ ಕಾಣದ ಬಿಯರ್‌ನ ನಮ್ಮ ಬಾಯಿಗೆ ಹುಯ್ತೀರಾ?"

ಅರ್ನೋ ಹೆಹ್ಹೆ ಎಂದು ನಕ್ಕ. ಎದುರಾಡಿದನೇ? ಊಹೂಂ!

ಅಷ್ಟರಲ್ಲಿ ಪಕ್ಕದೂರಿನಲ್ಲಿದ್ದ ತನ್ನ ತಂಗಿ ಬಿದ್ದು ಕಾಲು ಮುರಿದುಕೊಂಡಳೆಂದು ಇಲ್ಜಾ ಆರೈಕೆಗೆ ಹೋಗಬೇಕಾಯಿತು. ಡ್ರಮ್ಮುಗಳಲ್ಲಿ ಯೀಸ್ಟ್ ಆಗಷ್ಟೇ ಎದ್ದಿತ್ತು. ಅವಳು ಬಸ್ಸು ಹತ್ತಿದ್ದೇ ತಡ, ಗಂಡನೆಂಬ ಈ ಮಹಾನುಭಾವ ಅವನ್ನೆಲ್ಲ ಟ್ರ್ಯಾಕ್ಟರಿಗೆ ಹೇರಿ ಓಸ್ಮಾರ್‌ನ ಅಂಗಡಿಯ ಶೀತಲ ಕೋಣೆಗೆ ಸಾಗಿಸಿದ. ಅವಳು ಫೋನಿನಲ್ಲಿ ಕೇಳಿದಾಗಲೆಲ್ಲ, "ಚೆನ್ನಾಗಿದೆ ಕಣೆ, ತಂಪಾಗಿದೆ," ಎಂದ.

ಮೆರವಣಿಗೆಯ ಹಿಂದಿನ ದಿನ ಇಲ್ಜಾ ಮರಳಿದರೆ ನೆಲಮಾಳಿಗೆ ಖಾಲಿ. ಗಂಡನ ಬಾಯಿ ಬಿಡಿಸಿ, ಅಂಗಡಿಗೆ ಓಡಿ, ನೇತುಹಾಕಿದ ಹಂದಿಗಳ ನಡುವೆ ಡ್ರಮ್ಮು ತೆರೆದು ರುಚಿ ನೋಡಿದಳು. ಸಿಹಿ ಬಾರ್ಲಿ ನೀರು! ಯೀಸ್ಟ್ ತಳ ಹಿಡಿದು ಮಲಗಿತ್ತು. ಈಗ ಬೆಚ್ಚಗೆ ಮಾಡಿ ಎಬ್ಬಿಸಿದರೂ ನಾಳೆಗೆ ಬಿಯರ್ ಆಗುವಂತಿರಲಿಲ್ಲ. ಅವಳ ಮೈಯೆಲ್ಲ ಉರಿದುಹೋಯಿತು.

"ಲಾಗರ್‌ಗೆ ಚಳಿ ಬೇಕು ಅಂದ್ರು ಕಣೆ. ನಿನ್ನ ಮರ್ಯಾದೆಗೋಸ್ಕರ ಮಾಡ್ದೆ," ಎಂದ ಹಿಂದೆಯೇ ಓಡಿಬಂದ ಅರ್ನೋ.

"ನನ್ನ ಮರ್ಯಾದೆನಾ? ನಿಂದು ಅನ್ನು! ಮದುವೆ ಆದಾಗಿಂದ ಕುಡೀತಿದೀಯಲ್ಲ, ಒಂದಿನನಾದ್ರೂ ಕೆಟ್ಟಿತ್ತಾ?"

"ಇಲ್ವೇ ಮಾರಾಯ್ತಿ. ಅಂಥ ಬಿಯರ್ ನಾನೆಲ್ಲೂ ಕುಡಿದಿಲ್ಲ."

"ಅದನ್ನ ಅಲ್ಲಿ ಹೇಳೋಕೆ ನಿನ್ನ ನಾಲಿಗೆಗೇನು ಲಕ್ವ ಹೊಡೆದಿತ್ತಾ?"

ಅರ್ನೋ ಕಾರ್ಖಾನೆಗೆ ಫೋನ್ ಮಾಡಲು ಹೊರಗೆ ಹೋದ.

ಮರುದಿನ ವಾದ್ಯದ ಸದ್ದು ತಿರುವಿನಲ್ಲಿ ಕೇಳಿಸಿತು. ಅಂಗಳದಲ್ಲಿ ಅರ್ನೋ ತರಿಸಿದ್ದ ಕಾರ್ಖಾನೆಯ ಪೀಪಾಯಿಗಳು ಸಾಲಾಗಿ ನಿಂತಿದ್ದವು. ಎದೆಗೆ ಪದಕದ ಪಟ್ಟಿ ಹಾಕಿಕೊಂಡು ಇಲ್ಜಾ ಹೊರಬಂದಳು. "ಅದನ್ನ ಮುಟ್ಟಿದ್ರೆ ಕೈ ಮುರೀತೀನಿ. ಹೋಗು, ನಿನ್ನೆ ನಂಗೆ ಹೇಳಿದ್ದನ್ನ ಈಗ ಗೇಟಲ್ಲಿ ನಿಂತು ಎಲ್ಲರೆದುರು ಹೇಳು."

ಓಸ್ಮಾರ್ ಆಗಲೇ ಮಗ್ಗು ಚಾಚಿದ್ದ. ಅರ್ನೋ ಎರಡು ಸಲ ಕೆಮ್ಮಿದ. "ಬಿಯರ್ ಇಲ್ಲ ಕಣ್ರಪ್ಪಾ. ನಿಮ್ಮ ಮಾತು ಕಟ್ಕೊಂಡು ನಾನೇ ಹಾಳು ಮಾಡ್ದೆ. ಅವಳದ್ದು ಒಳ್ಳೇ ಬಿಯರ್. ನಮ್ಮೂರಲ್ಲೇ ಅಂಥದ್ದಿಲ್ಲ."

ವಾದ್ಯ ನಿಂತಿತು. ಓಸ್ಮಾರ್ ಮಗ್ಗು ಇಳಿಸಿದ. "ಅಯ್ಯೋ, ಅಷ್ಟು ಚೆನ್ನಾಗಿದ್ರೆ ಮೊದಲೇ ಹೇಳಬಾರದಿತ್ತೇನೋ? ನೀನೂ ನಗ್ತಿದ್ಯಲ್ಲ, ತಮಾಷೆ ಅಂದ್ಕೊಂಡ್ವಿ."

"ನಿಮ್ಮ ತಮಾಷೆಗಿಷ್ಟು ಬೆಂಕಿ ಬೀಳ! ನಡೀರಿ ಮುಂದೆ," ಎಂದಳು ಇಲ್ಜಾ.

ರಾಣಿಯನ್ನು ಗಂಡ ಕೈಹಿಡಿದು ಕರೆದೊಯ್ಯುವುದು ರೂಢಿ. ಅರ್ನೋ ತೋಳು ಚಾಚಿದ. ಇಲ್ಜಾ ಅದನ್ನು ನೋಡಿದಳು, ನೋಡಿ ವಾದ್ಯದವರ ಹಿಂದೆ ಒಬ್ಬಳೇ ನಡೆದಳು.