ನಾಲ್ಕು ಬಾಟಲಿ ಬಾಳೆ

ದಿನಾ ಬೆಳಿಗ್ಗೆ ಎಳನೀರಿನ ಗಾಡಿಯ ಮುಂದೆ ಫ್ಲಾಸ್ಕ್ ಹಿಡಿದು ನಿಲ್ಲುತ್ತಿದ್ದ ಆಕೆಯ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ತೀರ್ಮಾನಿಸಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮೂರು ವಾರ ಪಥ್ಯ ಹೇಳಿದೆ; ಖಾರ ಬೇಡವೆಂದೆ, ಕಿಟಕಿ ತೆರೆದಿಡಿ ಎಂದೆ. ಆಕೆ ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೊಂದು ದಿನ ದನಿ ತಗ್ಗಿಸಿ, "ರೋಗಿ ಈಗ ಹೇಗಿದ್ದಾರಕ್ಕ?" ಎಂದೆ.

"ಯಾವ ರೋಗಿ? ಇದು ಬಾಳೆಗೆ ಸಾರ್. ಬಾಟ್ಲೀಲಿ ಬೆಳೆಸ್ತೀನಿ."

ಎಳನೀರಿನವನು ನಕ್ಕ ರಭಸಕ್ಕೆ ಅವನ ಮಚ್ಚು ಗುರಿ ತಪ್ಪಿತು.

ಬೀದಿಯ ಬಾಯಲ್ಲಿ ಎಳನೀರಕ್ಕ ಆಗಿರುವ ಇವರು ಸಸಿ ಬೆಳೆಸುವ ಪ್ರಯೋಗಾಲಯದಲ್ಲಿ ಹದಿನಾರು ವರ್ಷದಿಂದ ಇದ್ದಾರೆ. ಬಾಳೆ ಬುಡದ ಮರಿಗಿಡವಾದ ಕಂದನ್ನು ಪದರ ಪದರವಾಗಿ ಸುಲಿದು, ಒಳಗಿನ ಬೆರಳತುದಿಯಷ್ಟು ಮೊಳಕೆಯನ್ನು ಎಳನೀರು, ಕಳಿತ ಹಣ್ಣಿನ ತಿರುಳು, ಸಕ್ಕರೆ, ಒಂದಿಷ್ಟು ಲವಣ ಹಾಕಿ ಗಟ್ಟಿಯಾಗಿಸಿದ ಪಾಕದ ಮೇಲೆ ಕೂರಿಸುವುದು ಕೆಲಸ.

ಹೋದ ವರ್ಷ ಅವರ ತಾಯಿಯ ಹಿತ್ತಲಿನ ಬಾಳೆಗೆ ಬುಡರೋಗ ಬಂತು. ಗಿಡ್ಡ ಗಿಡ, ಕೆಂಪು ಗೆರೆಯ ಹಣ್ಣು. ಬೇರೆಲ್ಲೂ ಸಿಗದ ತಳಿ. ಸಾಲಾಗಿ ಎಲ್ಲವೂ ಮಲಗಿದವು. ರೋಗ ಮುಟ್ಟದೆ ಉಳಿದದ್ದು ಒಂದೇ ಕಂದು. ತಾಯಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು.

ಪಾಕದ ನಾಲ್ಕು ಬಾಟಲಿಗಳು ಕ್ರಿಮಿ ಸಾಯಲೆಂದು ಕುಕ್ಕರಿಗೆ ಹೋಗುವ ಹೊತ್ತಿಗೆ ಪ್ರಯೋಗಾಲಯದ ನಿರ್ದೇಶಕರು ದಯಮಾಡಿಸಿದರು. ಅವರ ಬಾಗಿಲ ಫಲಕದಲ್ಲಿ ಹೆಸರಿನ ಕೆಳಗೇ ಆರು ಸಾಲು ಪದವಿಗಳಿವೆ. ಓದಿ ಮುಗಿಸುವಷ್ಟರಲ್ಲಿ ಅವರು ಊಟಕ್ಕೆ ಹೋಗಿರುತ್ತಾರೆ.

"ಸಾವಯವ ಅಂದ್ಮೇಲೆ ಬೇಯಿಸೋದೇನಮ್ಮ? ಸತ್ವ ಹೋಗುತ್ತೆ. ಎರಡರಲ್ಲಿ ಎಳನೀರು, ಹಣ್ಣು ಹಸಿಯಾಗೇ ಇರ್ಲಿ. ಇದು ನನ್ನ ಸಿದ್ಧಾಂತ."

"ಸರ್, ಇರೋದು ಒಂದೇ ಕಂದು."

"ಅದಕ್ಕೇ ಹೇಳ್ತಿರೋದು."

ಅಕ್ಕ ಉಸಿರೆಳೆದುಕೊಂಡು ಸುಲಿಯಲು ಕೂತರು. ಗಾಜಿನಾಚೆ ನಿಂತಿದ್ದ ತಾಯಿ ಎದೆ ಬಡಿದುಕೊಂಡರು. "ಅಯ್ಯೋ, ಇದ್ದಿದ್ದು ಒಂದು, ಅದನ್ನೂ ಈರುಳ್ಳಿ ಥರ ಸುಲ್ದು ಮುಗಿಸಿಬಿಟ್ಯಲ್ಲೇ!"

"ಮುಗ್ದಿಲ್ಲಮ್ಮ, ಇಲ್ಲಿದೆ ನೋಡು."

"ಎಲ್ಲೇ? ನನ್ನ ಕನ್ನಡಕ ಎಲ್ಲಿ?"

ಆ ಚೂರನ್ನು ನಾಲ್ಕಾಗಿ ಸೀಳಿ ನಾಲ್ಕು ಬಾಟಲಿಗಿಟ್ಟರು. ಮೂರನೆಯ ದಿನ ಸಿದ್ಧಾಂತದ ಮೇಲೆ ಬೂದುಬಣ್ಣದ ಉಣ್ಣೆಯಂಥ ಬೂಷ್ಟು ಬೆಳೆದಿತ್ತು, ಎರಡರಲ್ಲೂ. ನಿರ್ದೇಶಕರು ಅಂಗಿಯ ತೋಳು ಮಡಿಸಿ ಆ ಬಾಟಲಿಗಳನ್ನು ತಾವೇ ತೊಳೆದಿಟ್ಟರು. ಮನುಷ್ಯ ಕೆಟ್ಟವರಲ್ಲ. ವಾರದೊಳಗೆ ಮೂರನೆಯ ಚೂರು ಯಾರ ತಪ್ಪೂ ಇಲ್ಲದೆ ಕಪ್ಪಾಯಿತು. ನಾಲ್ಕನೆಯದು ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ತಾಯಿ ದಿನಾ ಫೋನು ಮಾಡಿ "ಹೇಗಿದೆಯೇ?" ಎನ್ನುವರು, ಮಗಳು "ಹಾಗೇ ಇದೆ" ಎನ್ನುವರು. ಅಷ್ಟೇ ಮಾತು. ಐದು ವಾರ.

ಆರನೆಯ ವಾರ ಅದು ಹಸಿರಾಗಿ ಮೂರು ಚಿಗುರು ಬಿಟ್ಟಿತು. ಚಿಗುರುಗಳನ್ನು ಬೇರೆ ಮಾಡುವ ದಿನ ನನ್ನನ್ನೂ ಕರೆದಿದ್ದರು. ಉರಿಯುವ ದೀಪದ ಪಕ್ಕ ಅಕ್ಕ ಮುಚ್ಚಳ ತೆಗೆದು ಚಿಮುಟ ಇಳಿಸಿದರು. ಕೈ ಅಲುಗಲಿಲ್ಲ, ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಬರಹಗಾರನಾದ ಮೇಲೆ ಏನಾದರೂ ಆಳವಾದದ್ದು ಕೇಳಬೇಕಲ್ಲ, ಅವರ ಭುಜದ ಮೇಲೆ ಬಗ್ಗಿ ಕೇಳಿದೆ: "ಅಕ್ಕ, ಇವುಗಳ ಜೊತೆ ಪ್ರೀತಿಯಿಂದ ಮಾತಾಡ್ತೀರಾ? ಮಾತಾಡಿದ್ರೆ ಗಿಡ ಚೆನ್ನಾಗಿ ಬೆಳೆಯುತ್ತಂತೆ."

ಅಕ್ಕ ಮೂರನ್ನೂ ಮೂರು ಬಾಟಲಿಗಿಟ್ಟು, ಮುಚ್ಚಳ ಬಿಗಿದು, ಆಮೇಲೆ ತಿರುಗಿದರು.

"ಮುಚ್ಚಳ ತೆಗ್ದಾಗ ಬಾಯಿ ತೆಗ್ದ್ರೆ ಬೂಷ್ಟು ಹಿಡಿಯುತ್ತೆ ಸಾರ್. ಆಚೆ ನಡೀರಿ."