ಪರದೆ ಇದ್ದ ಹೋಟೆಲು

ಜಪಾನಿಗೆ ಹೊರಡುವ ಹಿಂದಿನ ದಿನ ಅವ್ವ ನನ್ನಿಂದ ಭಾಷೆ ತೆಗೆದುಕೊಂಡಳು. ಜಗುಲಿಯಲ್ಲಿ ಕೂತು ನನ್ನ ಅಂಗಿ ಮಡಚುತ್ತಿದ್ದವಳು ಅಂಗೈ ಚಾಚಿ, ಅಲ್ಲಿ ಯಾವ ಬಾರಿನ ಹೊಸ್ತಿಲೂ ತುಳಿಯುವುದಿಲ್ಲ ಅಂತ ಹೇಳು ಅಂದಳು. ನನಗೆ ಆಗಲೇ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಜೋಗದ ವಿದ್ಯುದಾಗಾರದಲ್ಲಿ ಎಂಜಿನಿಯರ್ ಕೆಲಸ. ಹೊಸ ಯಂತ್ರದ ತರಬೇತಿಗೆ ಕಳಿಸುತ್ತಿದ್ದರು. ಆದರೂ ಅವಳ ಕೈಮೇಲೆ ಕೈ ಇಟ್ಟು ಹೇಳಿದೆ.

ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ನಮ್ಮ ಹೆಸರಿಗೆ ಆದದ್ದು ಅಪ್ಪನ ಕಾಲದಲ್ಲಿ. ಮನೆಗೆ ಡಿಗ್ರಿ ಬಂದದ್ದು ನನ್ನ ಕಾಲದಲ್ಲಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವ್ವನಿಗೆ ಓದು ಬಾರದು. ಅವಳಿಗೆ ಬಾರ್ ಅಂದರೆ ಭಯ ಇದ್ದದ್ದಕ್ಕೆ ಕಾರಣ ನನ್ನ ಸೋದರಮಾವ.

ಮಾವ ಆಗ ಹೊಸನಗರದ ಸಂತೆಗೆ ಹೋದರೆ ಸಾಮಾನು ಬರುತ್ತಿತ್ತು, ಮಾವ ಬರುತ್ತಿರಲಿಲ್ಲ. ಸಾಮಾನನ್ನು ಯಾರಾದರೂ ಊರಿನವರು ಹೊತ್ತು ತಂದು, ನಿಮ್ಮಣ್ಣ ಇಂಥ ಕಡೆ ಇದಾನೆ ಅಂತ ಅವ್ವನಿಗೆ ಹೇಳಿ ಹೋಗುತ್ತಿದ್ದರು. ಅವ್ವ ನನ್ನನ್ನೂ ಕರೆದುಕೊಂಡು ಹೊರಡುತ್ತಿದ್ದಳು. ಬಾರುಗಳ ಬಾಗಿಲಿಗೆ ಆಗ ಹಸಿರು ಬಟ್ಟೆಯ ಪರದೆ, ನೆಲಕ್ಕಿಂತ ಮೊಳದಷ್ಟು ಮೇಲೆ. ಒಳಗೆ ಹೋಗಲು ಹೆಂಗಸಿಗೆ ಸಾಧ್ಯವಿಲ್ಲ. ಅವಳು ರಸ್ತೆಯಲ್ಲೇ ನಿಂತು, ಬಿದ್ದದ್ದನ್ನು ಹೆಕ್ಕುವವಳ ಹಾಗೆ ಬಗ್ಗಿ, ಪರದೆಯ ಕೆಳಗೆ ಕಾಣುವ ಕಾಲುಗಳನ್ನು ನೋಡುತ್ತಿದ್ದಳು. ಮಾವನ ಕಾಲು ಗುರುತು ಸಿಕ್ಕಿದ ಮೇಲೆ ನೆಟ್ಟಗೆ ನಿಂತು, ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲೇ ಕರೆಯುತ್ತಿದ್ದಳು:

“ಅಣ್ಣಾ, ಎದ್ದು ಬಾ. ಗಂಜಿ ಆರ್ತದೆ.”

ಅಷ್ಟೇ. ಕುಡಿದದ್ದರ ಮಾತಿಲ್ಲ, ಬೈಗುಳವಿಲ್ಲ. ಸಂತೆಯಲ್ಲಿ ನಾಲ್ಕು ಜನರ ಎದುರು ಅಣ್ಣನ ಮರ್ಯಾದೆ ಹೋಗಬಾರದು ಅನ್ನುವುದು ಅವಳ ಲೆಕ್ಕ. ಆ ಗಂಜಿ ಮೂರು ಮೈಲಿ ದೂರದ ನಮ್ಮ ಮನೆಯಲ್ಲಿ ಎಂದೋ ಆರಿ ತಣ್ಣಗಾಗಿರುತ್ತಿತ್ತು ಅನ್ನುವುದು ಬೇರೆ ಮಾತು. ಮಾವ ಮಾತ್ರ ಎದ್ದು ಬರುತ್ತಿದ್ದ.

ನನ್ನನ್ನು ಕಾಲೇಜಿಗೆ ಸೇರಿಸಲು ಸಾಗರಕ್ಕೆ ಹೋದ ದಿನವೂ ಅವಳು ಹಾಗೆಯೇ ಬಗ್ಗಿ ನೋಡಿದ್ದಳು. ಹೊಟ್ಟೆ ಹಸಿದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ದೊಡ್ಡದೊಂದು ಬೋರ್ಡು ಕಂಡಿತು. ಓದು ಕಲಿತ ಹುಮ್ಮಸ್ಸಿನಲ್ಲಿ ನಾನು ಗಟ್ಟಿಯಾಗಿ ಓದಿ, ಊಟ ತಿಂಡಿ ಸಿಗುತ್ತದೆ ಅಂತ ಬರೆದಿದೆ, ಹೋಗುವ ಅಂದೆ. ಅವಳು ಬಗ್ಗಿ ನೋಡಿ ನನ್ನ ರಟ್ಟೆ ಹಿಡಿದು ಎಳೆದಳು. “ಬೋರ್ಡಿನ ಮೇಲೆ ಯಾರು ಬೇಕಾದ್ರೂ ಎಂತ ಬೇಕಾದ್ರೂ ಬರೀತಾರೆ ಮಗಾ. ಪರದೆ ಇದ್ದ ಹೋಟ್ಲಿಗೆ ಹೋಗಬ್ಯಾಡ.” ಸಾಗರದಲ್ಲಿ ಓದಿದಷ್ಟೂ ವರ್ಷ ನಾನು ಅದನ್ನು ಪಾಲಿಸಿದೆ. ಮಾವ ಆಮೇಲೆ ಕುಡಿತ ಬಿಟ್ಟ. ಈಗ ಮಾತಾಡುವಾಗ ಮಾತ್ರ ಕುಡಿದವರ ಹಾಗೆ ಕಾಣುತ್ತಾನೆ.

ಜಪಾನಿನ ಆ ಊರಿಗೆ ನನ್ನ ಜೊತೆ ಬಂದವರು ತೀರ್ಥಹಳ್ಳಿ ಕಡೆಯ ಹಿರಿಯ ಸಹೋದ್ಯೋಗಿ. ನಿವೃತ್ತಿಗೆ ಹತ್ತಿರವಿದ್ದವರು, ಮೇಳಿಗೆ ಅನ್ನುವ ಹಳ್ಳಿಯವರು, ಮೊಣಕಾಲು ನೋವಿನವರು. ಭಾಷೆ ಕೊಟ್ಟ ಸುದ್ದಿಯನ್ನು ವಿಮಾನದಲ್ಲಿ ನನ್ನ ಬಾಯಿಂದಲೇ ಕೇಳಿ, ದಾರಿಯುದ್ದಕ್ಕೂ ಗೇಲಿ ಮಾಡಿಕೊಂಡೇ ಬಂದರು. ಸರ್ಕಾರ ಕೊಟ್ಟ ವೀಸಾ ಒಂದು, ಅಮ್ಮ ಕೊಟ್ಟ ವೀಸಾ ಇನ್ನೊಂದು, ಎರಡನೆಯದೇ ಬಿಗಿ ಅನ್ನುತ್ತಿದ್ದರು.

ಮೊದಲ ಸಂಜೆಯೇ ಪೇಚಾಟ ಶುರುವಾಯಿತು. ಊಟಕ್ಕೆ ಹೊರಗೆ ಬಂದರೆ ಒಂದು ಬೋರ್ಡೂ ಓದಲು ಬಾರದು. ಇಷ್ಟು ಕಷ್ಟಪಟ್ಟು ಸಂಪಾದಿಸಿದ ಅಕ್ಷರವೆಲ್ಲ ಆ ಬೀದಿಯಲ್ಲಿ ಸೊನ್ನೆ. ಅವ್ವ ಸಾಗರದ ಪೇಟೆಯನ್ನು ಹೇಗೆ ನೋಡುತ್ತಿದ್ದಳೋ ನಾನು ಆ ಊರನ್ನು ಹಾಗೆ ನೋಡುತ್ತ ನಿಂತೆ. ಕೊಟ್ಟ ಭಾಷೆ ಒಂದಿತ್ತು, ಬರುವ ಭಾಷೆ ಇರಲಿಲ್ಲ.

ಸರಿ, ಅವ್ವನ ಸೂತ್ರವನ್ನೇ ಹಿಡಿಯುವ ಅಂದುಕೊಂಡೆ. ಆದರೆ ಒಳ್ಳೆಯ ಸಾರಿನ ವಾಸನೆ ಬರುತ್ತಿದ್ದ ಅಂಗಡಿಗಳಿಗೆಲ್ಲ ಪರದೆ. ನೀಲಿ, ಕಂದು, ಬಿಳಿ, ಬಾಗಿಲ ಅರ್ಧಕ್ಕೆ ಇಳಿಬಿಟ್ಟ ಬಟ್ಟೆ. ಒಂದರ ಮುಂದೆ ನಿಲ್ಲುವುದು, ಪರದೆ ನೋಡುವುದು, ಮುಂದೆ ಹೋಗುವುದು. ಸಹೋದ್ಯೋಗಿ ಪ್ರತಿ ಪರದೆಗೂ ಒಮ್ಮೆ ನಿಟ್ಟುಸಿರು ಬಿಟ್ಟರು. ಇಡೀ ಊರೇ ಬಾರು ಮಾರಾಯ, ಇವರು ಅನ್ನ ಎಲ್ಲಿ ತಿಂತಾರೆ ಅಂತ ಕೇಳಿದರು.

ಅಷ್ಟರಲ್ಲಿ ಕಪ್ಪು ಕೋಟಿನ ಒಬ್ಬ ತರುಣ ನಗುತ್ತ ಎದುರಿಗೆ ಬಂದ. ಇಂಡಿಯಾ, ಇಂಡಿಯಾ, ಕರಿ, ಕರಿ ಅಂದ. ಬೆಳಿಗ್ಗೆ ತರಬೇತಿ ಕೇಂದ್ರದ ದುಭಾಷಿ ಹೆಂಗಸು, ಬೀದಿಯಲ್ಲಿ ನಿಂತು ಕರೆಯುವವರ ಹಿಂದೆ ಹೋಗಬೇಡಿ, ಅವರು ಒಯ್ಯುವುದು ಒಳ್ಳೆಯ ಜಾಗಕ್ಕಲ್ಲ ಎಂದು ಹೇಳಿದ್ದಳು. ನಮಗೆ ಅದು ತಲೆಗೆ ಹೋಗಿರಲಿಲ್ಲ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಹೋಟೆಲಿನವನು ಬಾಗಿಲಲ್ಲಿ ನಿಂತು ಬನ್ನಿ, ಊಟ ರೆಡಿ ಅಂತ ಕರೆಯುತ್ತಾನೆ. ಕರೆಯದ ಕಡೆಗೆ ಊಟಕ್ಕೆ ಹೋಗುವುದೇ ನಮ್ಮಲ್ಲಿ ಕೀಳು. ಅಲ್ಲದೆ ಅವನ ಜಾಗಕ್ಕೆ ಪರದೆ ಇರಲಿಲ್ಲ. ಬೀದಿಗೆ ಬೆಳಕು ಚೆಲ್ಲುವ ಬೋರ್ಡು, ಅಚ್ಚುಕಟ್ಟಾದ ಮೆಟ್ಟಿಲು. ನಾನೇ ಧೈರ್ಯವಾಗಿ ಹೇಳಿದೆ, ಪರದೆ ಇಲ್ಲ ಸಾರ್, ಹೋಗಬಹುದು.

ಮೇಲೆ ಒಂದು ದಪ್ಪ ಬಾಗಿಲು. ಅದು ತೆರೆದದ್ದೇ ಕೆಂಪು ಬೆಳಕು, ಡುಬುಡುಬು ಹಾಡು, ಅತ್ತರಿನ ವಾಸನೆ. ಸಾರಿನ ವಾಸನೆ ಮಾತ್ರ ಇಲ್ಲ. ಸಹೋದ್ಯೋಗಿ ಮುಂದಿದ್ದರು, ಒಳಗೆ ಹೋಗಿಯೂ ಆಯಿತು, ಮೆತ್ತನೆ ಸೋಫಾದಲ್ಲಿ ಕುಳಿತೂ ಆಯಿತು. ಗಾಜಿನ ಲೋಟ ಹಿಡಿದ ಇಬ್ಬರು ಹೆಂಗಸರು ಅವರ ಆಚೆ ಈಚೆ ಬಂದು ಕೂತರು. ನಾನು ಹೊಸ್ತಿಲಲ್ಲಿ ಎತ್ತಿದ ಕಾಲನ್ನು ಎತ್ತಿದಂತೆ ಹಿಡಿದು, ರೈಸ್ ಅಂತ ಕೇಳಿದೆ. ಕೋಟಿನವನು ವಿಸ್ಕಿ ಅಂದ.

ಕಾಲು ಹಿಂದಕ್ಕೆ ತಂದೆ. ಸಾರ್, ಇದು ಊಟದ ಜಾಗ ಅಲ್ಲ ಅಂದೆ.

“ಗೊತ್ತಾಯ್ತು ಮಾರಾಯ,” ಅಂದರು ಅವರು ಒಳಗಿನಿಂದ. “ಏಳಕ್ಕೆ ಆಗ್ತಾ ಇಲ್ಲ. ಇದು ಸೋಫಾ ಅಲ್ಲ, ಕಾಲು ಹೂತುಹೋಗೋ ಗದ್ದೆ. ಬಂದು ಕೈ ಕೊಡು.”

ಅವರ ಮೊಣಕಾಲು ಅಂಥದ್ದು. ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಎಬ್ಬಿಸಬಹುದು. ಆದರೆ ಆ ನಾಲ್ಕು ಹೆಜ್ಜೆಯನ್ನೇ ಇಡುವುದಿಲ್ಲ ಅಂತ ನಾನು ಕೈಮೇಲೆ ಕೈ ಇಟ್ಟು ಬಂದಿದ್ದೆ. ಅವ್ವನಿಗೆ ಇಲ್ಲಿಂದ ಏನೂ ಕಾಣುವುದಿಲ್ಲ ನಿಜ. ಕಾಣದಿದ್ದಲ್ಲಿ ನಡೆಯದ ಭಾಷೆಗೆ ಬೆಲೆ ಏನು? ಅಲ್ಲೇ ನಿಂತೆ. ಕೋಟಿನವನು ಮೊಣಕೈ ಹಿಡಿದು ಒಳಗೆ ನೂಕುತ್ತಿದ್ದಾನೆ, ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೇನೆ. ಆಗ ನನ್ನ ಬಾಯಿಂದ, ನನಗೇ ಗೊತ್ತಿಲ್ಲದ ಹಾಗೆ, ಅವ್ವನ ದನಿಯಲ್ಲಿ ಬಂತು:

“ಸಾರ್, ಎದ್ದು ಬನ್ನಿ. ಗಂಜಿ ಆರ್ತದೆ.”

ಹಾಡು ಒಂದು ಕ್ಷಣ ನಿಂತಿತ್ತೋ ಏನೋ, ಇಡೀ ಕೋಣೆಗೆ ಕೇಳಿತು. ಸಹೋದ್ಯೋಗಿಗೆ ನಗು ಉಕ್ಕಿತು. ಆ ನಗುವಿನ ರಭಸಕ್ಕೇ ಮುಂದಕ್ಕೆ ವಾಲಿ, ಮೇಜು ಹಿಡಿದು ಎದ್ದೇಬಿಟ್ಟರು. ಪಕ್ಕದ ಹೆಂಗಸರೂ ಅರ್ಥವಾಗದೆಯೇ ನಕ್ಕರು. ಕೋಟಿನವನು ಮಾತ್ರ ನಗಲಿಲ್ಲ. ಒಂದು ಹನಿಯೂ ಮುಟ್ಟದೆ ಇಬ್ಬರೂ ಕಂಬಿ ಹಿಡಿದುಕೊಂಡು ಕೆಳಗಿಳಿದೆವು.

ಹಿಂದಿನ ಓಣಿಗೆ ಬಂದಾಗ ಮತ್ತೊಂದು ಪರದೆ ಎದುರಾಯಿತು, ಕಡು ನೀಲಿಯದು. ಈ ಸಲ ನಾನು ಅವ್ವ ಹೇಳಿದ್ದನ್ನು ಬಿಟ್ಟು ಅವ್ವ ಮಾಡುತ್ತಿದ್ದದ್ದನ್ನು ಮಾಡಿದೆ, ಬಗ್ಗಿ ನೋಡಿದೆ. ಪರದೆಯ ಹಿಂದೆ ಗಾಜಿನ ಬಾಗಿಲು. ಒಳಗೆ ಜಗುಲಿಯಂಥ ಕಟ್ಟೆ, ಅದರ ಕೆಳಗೆ ಮದುವೆ ಮನೆಯ ಮುಂದಿನ ಹಾಗೆ ಬಿಟ್ಟ ಚಪ್ಪಲಿ ಬೂಟುಗಳು. ಒಂದು ಜೊತೆ ಮುದುಕಿಯದು, ಪಕ್ಕದಲ್ಲಿ ಊರುಗೋಲು. ಒಂದು ಜೊತೆ ಕೆಂಪು ಬೂಟು, ನನ್ನ ಅಂಗೈಗಿಂತ ಚಿಕ್ಕದು.

“ಮಕ್ಕಳು ಅವೆ ಸಾರ್,” ಅಂದೆ. ಒಳಗೆ ಹೋದೆವು.

ಒಲೆಯ ಹಿಂದಿದ್ದ ವಯಸ್ಸಾದ ಹೆಂಗಸು ನಮ್ಮ ಮುಖ ನೋಡಿಯೇ ಹಸಿವು ತಿಳಿದುಕೊಂಡಳು. ದೊಡ್ಡ ಬಟ್ಟಲಿನಲ್ಲಿ ಬಿಸಿ ಶ್ಯಾವಿಗೆ ಸಾರು, ಮೇಲೆ ಕರಿದ ಮೀನು. ಹೊಳೆಮೀನು ತಿಂದು ಬೆಳೆದ ನಮ್ಮಿಬ್ಬರಿಗೂ ಅದು ಅಪರಿಚಿತ ಅನ್ನಿಸಲಿಲ್ಲ. ಅಲ್ಲಿ ಕತ್ತಲಾಗಿದ್ದರೂ ನಮ್ಮೂರಲ್ಲಿ ಇನ್ನೂ ಮಧ್ಯಾಹ್ನ. ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಅವಳು ಮೊದಲು ಕೇಳಿದ್ದು ಪರದೆ ಐತಾ ಅಂತ. ಐತೆ ಅಂದೆ. ಅವಳ ಹುಬ್ಬು ಗಂಟಾಯಿತು. ಫೋನನ್ನು ಕೆಳಗಿಳಿಸಿ ಕೆಂಪು ಬೂಟು ತೋರಿಸಿದೆ. ಅವಳ ಮುಖ ಸಡಿಲವಾಯಿತು. ಅಷ್ಟರಲ್ಲಿ ಪಕ್ಕದ ಮೇಜಿನ ಶೀಶೆ ಅವಳ ಕಣ್ಣಿಗೆ ಬಿತ್ತು. ಸೋಡಾ ಅನ್ನು ಅಂತ ಸಹೋದ್ಯೋಗಿ ಕಣ್ಸನ್ನೆ ಮಾಡಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ: ಅದು ಬಿಯರು, ನನ್ನದಲ್ಲ, ಆ ಕೆಂಪು ಬೂಟಿನ ಕೂಸಿನ ಅಪ್ಪನದು, ಅವನ ತಾಯಿ, ಹೆಂಡತಿ ಎಲ್ಲ ಎದುರಿಗೇ ಕೂತಿದಾರೆ.

ಅವ್ವ ಫೋನಿಗೆ ಮುಖ ಹತ್ತಿರ ತಂದಳು. “ಹೆಂಡ್ತಿ, ಮಗಳು, ತಾಯಿ ಎದುರಿಗೆ ಕೂತು ಕುಡೀತಾನಾ? ಹಂಗಾದ್ರೆ ಒಂದಕ್ಕೇ ಏಳ್ತಾನೆ ಬಿಡು. ಅಡ್ಡಿಲ್ಲ, ಉಣ್ಣು.”

ಆ ನೀಲಿ ಪರದೆ ಹೊರಗೆ ಇಳಿಬಿಟ್ಟಿದ್ದರೆ ಅಂಗಡಿ ತೆರೆದಿದೆ, ಬನ್ನಿ ಅಂತ ಅರ್ಥವಂತೆ. ಮರುದಿನ ದುಭಾಷಿ ಹೇಳಿದಳು. ಉಳಿದಷ್ಟು ದಿನವೂ ನಾವು ಊಟಕ್ಕೆ ಅಲ್ಲಿಗೇ ಹೋದೆವು. ಸಹೋದ್ಯೋಗಿ ಒಮ್ಮೆ ಒಂದು ಬಿಯರು ತರಿಸಿ, ಮುಗಿಸಿ, ಅವ್ವನಿಗೆ ಕೇಳಲಿ ಅನ್ನುವ ಹಾಗೆ ಒಂದೇ ಅಂತ ಗಟ್ಟಿಯಾಗಿ ಹೇಳಿ ಎದ್ದರು.

ಊರಿಗೆ ಬಂದ ಮೇಲೆ ಅವ್ವನಿಗೆ ಕನ್ನಡಕ ಮಾಡಿಸಲು ಸಾಗರಕ್ಕೆ ಹೊರಟೆವು. ಮಾವನೂ ಜೊತೆಗೆ ಬಂದ. ಮಧ್ಯಾಹ್ನ ಊಟಕ್ಕೆ ಹೊಸದೊಂದು ಎಸಿ ಹೋಟೆಲಿನ ಮುಂದೆ ನಿಂತೆವು. ತಂಪು ಹೊರಗೆ ಹೋಗದಿರಲಿ ಅಂತ ಬಾಗಿಲಿಗೆ ದಪ್ಪ ಪರದೆ, ಅದೂ ನೆಲಕ್ಕೆ ತಾಗದ್ದು. ಬೋರ್ಡು ಓದಿ ಹೇಳಲು ನಾನು ಬಾಯಿ ತೆರೆಯುವುದರೊಳಗೆ ಅವ್ವ ಸೊಂಟ ಹಿಡಿದುಕೊಂಡು ಬಗ್ಗಿದಳು, ನೋಡಿದಳು, ಪರದೆ ಸರಿಸಿ ಒಳಗೆ ಹೋಗಿಯೇಬಿಟ್ಟಳು. ನಾನೂ ಹಿಂದೆ ಹೋದೆ.

ಮಾವ ಬರಲಿಲ್ಲ. ಪರದೆ ಅಂದರೆ ಅವನಿಗೆ ಈಗಲೂ ನಾಚಿಕೆ. ತಂಗಿಯ ಎದುರು ಪರದೆ ದಾಟಿ ಒಳಗೆ ಬರಲು ಅವನಿಂದ ಆಗಲಿಲ್ಲ. ಕೆಳಗೆ ಅವನ ಕಾಲು ಮಾತ್ರ ಕಾಣುತ್ತಿತ್ತು, ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ. ಅವ್ವ ಆ ಕಾಲುಗಳನ್ನೇ ನೋಡಿದಳು. ನಮ್ಮ ಮೇಜಿಗೆ ಇನ್ನೂ ನೀರೂ ಬಂದಿರಲಿಲ್ಲ.

“ಅಣ್ಣಾ, ಒಳಗೆ ಬಾ,” ಅಂತ ಕರೆದಳು. “ಗಂಜಿ ಆರ್ತದೆ.”