ಏಳು ಎಸಳಿನ ಹೂವು

ಲಕ್ಷ್ಮೇಶ್ವರದ ಆಯೇಶಾಳಷ್ಟು ಹುಷಾರಿ ಹುಡುಗಿಯನ್ನು ನಾನು ಕಂಡಿಲ್ಲ. ಹುಷಾರಿ ಇದ್ದು ಏನು ಬಂತು ಎಂಬುದು ಬೇರೆ ಮಾತು. ಅವಳ ಅಜ್ಜ ಫಕೀರಸಾಬರು ಐವತ್ತು ವರ್ಷ ಬಾಗಿಲು ಕೆತ್ತಿದವರು. ಕಣ್ಣು ಹೋಗಿ ಉಳಿ ಕೆಳಗಿಟ್ಟ ಮೇಲೆ ಮೊಮ್ಮಗಳು ಅವರ ಹೂವನ್ನು ಕಂಪ್ಯೂಟರಿನಲ್ಲಿ ಕಟ್ಟಿದಳು. ಬರೀ ಚಿತ್ರವಲ್ಲ, ಎಸಳಿನ ಉಬ್ಬು, ತಗ್ಗು, ಆಳ ಎಲ್ಲ ಇರುವ ಮಾದರಿ. ಮಷೀನಿಗೆ ಕೊಟ್ಟರೆ ಅದೇ ಹೂವು ಕಟ್ಟಿಗೆಯಲ್ಲಿ ಮೂಡುತ್ತದೆ. ಅಜ್ಜ ಹಳೆಯ ಬಾಗಿಲಿನ ಮೇಲೆ ಬೆರಳಾಡಿಸಿ ಹೇಳುವುದು, ಇವಳು ತಿದ್ದುವುದು. ಮೂರು ತಿಂಗಳು ಹಿಡಿಯಿತು.

ಹೂವಿನಲ್ಲಿ ಎಂಟು ಎಸಳಿನ ಜಾಗ, ಕೆತ್ತುವುದು ಏಳೇ. "ಪೂರಾ ಮಾಡಾಂವ ಮ್ಯಾಲಿನಾಂವ ಒಬ್ಬನಽ. ನಾವು ಒಂದು ಬಿಡಬೇಕು, ಬೇಟಾ" ಎನ್ನುತ್ತಿದ್ದರು ಫಕೀರಸಾಬರು. ಆಯೇಶಾಳಿಗೆ ಅದೇ ಗುರುತಾಯಿತು. ಯಾರಾದರೂ ಕದ್ದರೆ ಆ ಖಾಲಿ ಜಾಗವೇ ಸಾಕ್ಷಿ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದಳು. ಒಂದೇ ಒಂದು ನಕಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ಅಜ್ಜನ ಉಳಿಪೆಟ್ಟಿಗೆಯಲ್ಲಿಟ್ಟಳು. ಅಜ್ಜನ ಲೆಕ್ಕಕ್ಕೆ ಅದೂ ಒಂದು ಖಾಕಾ, ಅಂದರೆ ಕೆತ್ತನೆಯ ಕಾಗದದ ನಕ್ಷೆ; ಅದು ಇರಬೇಕಾದದ್ದು ಅಲ್ಲೇ ಎಂದು ಮುದುಕನ ಹಟ.

ಅವಳಿಗೆ ಸುನೀಲನ ಅಂಗಡಿಯಲ್ಲಿ ಕೆಲಸ. ಅಲ್ಲಿ ಮಷೀನಿನಿಂದ ಬಾಗಿಲು ಕೊರೆಯುತ್ತಾರೆ. ಒಂದು ದಿನ ಗಾಳೆಪ್ಪನೆಂಬ ಗಿರಾಕಿ ಬಂದ. ಆಯೇಶಾಳ ಮನೆಯ ಪಕ್ಕದ ಓಣಿಯಲ್ಲೇ ಹೊಸ ಮನೆ ಕಟ್ಟಿಸುತ್ತಿದ್ದವನು.

"ತಂಗಿ, ಗದಗಿನ ದೋಸ್ತ ಈ ಫೈಲು ಕಳಿಸ್ಯಾನ. ಹೂವು ಚಂದ ಐತಿ, ಆದ್ರ ಒಂದು ಎಸಳು ಕಡಿಮಿ ಐತಿ. ಕೂಡಿಸಿ ಕೊಡು."

ತೆರೆದು ಎಸಳು ಎಣಿಸಿದಳು. ಏಳು, ಎಂಟನೆಯ ಜಾಗ ಖಾಲಿ. "ಇದು ಎಲ್ಲಿಂದ ಬಂತ್ರಿ?"

"ಮುಂಡರಗಿ, ಶಿರಹಟ್ಟಿ, ಎಲ್ಲಾ ಕಡೆ ಐತಿ. ಯಾಕ?"

"ಏನಿಲ್ರಿ. ನಾಳಿ ಕೊಡ್ತೀನಿ."

ಮನೆಗೆ ಬಂದವಳೇ ಅಜ್ಜನನ್ನು ಕೇಳಿದಳು, "ದಾದಾ, ಪೆಟಗಿಯೊಳಗಿನ ಪೆನ್‌ಡ್ರೈವ್ ಯಾರಿಗರ ಕೊಟ್ಟಿದ್ರೇನು?"

"ಹೂಂ. ಶಿರಹಟ್ಟಿ ಮಾಶಾಕ ಒಯ್ದಿದ್ದ, ಮಗಳ ಲಗ್ನಕ್ಕ ಹೊಸಾ ಬಾಗಲಾ ಮಾಡಸಾಕ. ಲಗ್ನದ ಮನಿಗೆ ಖಾಕಾ ಇಲ್ಲ ಅನಬಾರದು. ಮರುದಿನಾನ ತಂದುಕೊಟ್ಟ ನೋಡು. ಐವತ್ತು ವರ್ಷದಾಗ ನನ್ನ ಕೈಯಿಂದ ಒಂದು ಖಾಕಾ ಕಳದಿಲ್ಲ!"

ಮುದುಕನ ಮುಖದಲ್ಲಿ ಹೆಮ್ಮೆ. ಕಾಗದದ ಖಾಕಾ ವಾಪಸ್ ಬಂದರೆ ಬಂದಂತೆಯೇ. ಪೆನ್‌ಡ್ರೈವ್ ಬಂದಿತ್ತು, ಅದರೊಳಗಿನ ಹೂವು ಯಾವುದೋ ಮಷೀನಿನವನ ಬಳಿ ಉಳಿದಿತ್ತು. ಮಾಶಾಕನನ್ನು ಕಳ್ಳ ಎನ್ನುವುದಾದರೂ ಹೇಗೆ? ಕೇಳಿ ಒಯ್ದಿದ್ದ, ಹೇಳಿದ ದಿನ ತಂದುಕೊಟ್ಟಿದ್ದ.

ಅತ್ತ ದರಿ ಇತ್ತ ಪುಲಿ. "ಇದು ನಮ್ಮದು" ಎಂದು ಬಾಯಿಬಿಟ್ಟರೆ ವಿಚಾರಣೆ ಶಿರಹಟ್ಟಿಗೆ ಹೋಗಿ, ಅಲ್ಲಿಂದ ಸೀದಾ ಅಜ್ಜನ ಪೆಟ್ಟಿಗೆಗೆ ಬರುತ್ತದೆ. ಸುಮ್ಮನಿದ್ದರೆ ಗುರುತನ್ನು ತನ್ನ ಕೈಯಾರೆ ಅಳಿಸಬೇಕು. ಅವಳಿಗೆ ಅಜ್ಜನ ಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಅಳು ಬಂತು. ಮರುದಿನ ಎಂಟನೆಯ ಎಸಳು ಕೂಡಿಸಿದಳು. "ಭಾಳ ಬೇಸ್ ಆತು" ಎಂದ ಸುನೀಲ.

ಎರಡು ತಿಂಗಳಾದ ಮೇಲೆ ನೆರೆಮನೆಯ ಬೀಬಿಜಾನ ಬಂದು ಹೇಳಿದಳು, "ಫಕೀರಸಾಬರ, ನಿಮ್ಮ ಹೂವು ಗಾಳೆಪ್ಪನ ಬಾಗಲದಾಗ ಐತಲ್ರಿ!"

ಮುದುಕ ಚಹಾ ಅಲ್ಲೇ ಬಿಟ್ಟು ಎದ್ದರು. "ನಡಿ ಬೇಟಾ, ನಾ ಮುಟ್ಟಿ ನೋಡಬೇಕು."

ಅವಳು ಕೈ ಹಿಡಿದು ಕರೆದುಕೊಂಡು ಹೋದಳು. ಅವರು ಗಾಳೆಪ್ಪನ ಬಾಗಿಲಿಗೆ ಕೈ ಇಟ್ಟು ಎಸಳು ಎಣಿಸತೊಡಗಿದರು. "ಐದು... ಆರು... ಏಳು..." ಎಂದು ನಿಂತರು. ಹೆಬ್ಬೆರಳು ಮುಂದಕ್ಕೆ ಜಾರಿತು.

"ಎಂಟು! ನಮ್ದಲ್ಲ, ಬೇಟಾ. ಯಾರೋ ನೋಡಿ ಮಾಡ್ಯಾರ. ನನಗ ಜೀವಾ ಹೋದಂಗ ಆಗಿತ್ತು." ಅವಳ ತಲೆ ಸವರಿದರು. "ನೀ ಹಾಕಿದ ಬೀಗ ಗಟ್ಟಿ ಐತಿ."

ಮನೆಗೆ ಮರಳುವ ದಾರಿಯಲ್ಲಿ ಅದೇ ಹೂವಿನ ಇನ್ನೂ ಮೂರು ಹೊಸ ಬಾಗಿಲುಗಳಿದ್ದವು. ಅವಳು ಎಣಿಸಿ ನೋಡಿದ್ದಳು, ಅವುಗಳಲ್ಲಿ ಎಸಳು ಏಳೇ. ಅಜ್ಜನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು, ಆಯೇಶಾ ನಡುರಸ್ತೆಯಲ್ಲೇ ಅವರನ್ನು ನಡೆಸಿಕೊಂಡು ಹೋದಳು.